ತೆಂಗಿನ ಸೀಮೆಯಲ್ಲಿ ಬೆಳೆ ಕಾವಲಿನ ಬಂದೂಕು: ಯಾವ ಬೋರು, ಯಾವ ಗುಂಡು?

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಮುಖ್ಯ ಬೆಳೆ. ತೋಟಕ್ಕೆ ಹೊಂದಿಕೊಂಡ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ ಮತ್ತು ಕಡಲೆಕಾಯಿ ಬೆಳೆಯುತ್ತಾರೆ. ಹುಳು ಮತ್ತು ರೋಗಗಳ ಬಾಧೆಯ ಜೊತೆಗೆ ಪ್ರಾಣಿಗಳ ಬಾಧೆಯೂ ಈ ಬೆಳೆಗಳಿಗೆ ಉಂಟು. ಕಾಡುಹಂದಿ ಹೊಸದಾಗಿ ನೆಟ್ಟ ತೆಂಗಿನ ಸಸಿಯನ್ನು ಬುಡಸಹಿತ ಕಿತ್ತು ಒಳಗಿನ ಮೆದು ಭಾಗವನ್ನು ತಿನ್ನುತ್ತದೆ. ತೆನೆಗಟ್ಟಿದ ರಾಗಿಯನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ತುಳಿದು ಹಾಳುಮಾಡುತ್ತದೆ. ಕೋತಿಗಳು ಎಳನೀರನ್ನೂ, ಇಲಿಗಳು ಎಳೆಗಾಯಿಯನ್ನೂ ಕೊರೆದು ಕೆಡವುತ್ತವೆ.

ಇಂತಹ ಸಂದರ್ಭದಲ್ಲಿ ಅನೇಕ ರೈತರ ಮನಸ್ಸು ಬಂದೂಕಿನ ಕಡೆಗೆ ಹೋಗುವುದು ಸಹಜ. ಮನೆಯಲ್ಲಿ ತಾತನ ಕಾಲದ ಬಂದೂಕು ಇದ್ದವರು ಅದನ್ನೇ ಮುಂದುವರಿಸಬಹುದೇ ಎಂದು ಕೇಳುತ್ತಾರೆ. ಹೊಸದಾಗಿ ಪರವಾನಗಿ ಪಡೆಯಬೇಕೆನ್ನುವವರು ಹನ್ನೆರಡು ಬೋರು ಒಳ್ಳೆಯದೋ ರೈಫಲ್ ಒಳ್ಳೆಯದೋ ಎಂದು ವಿಚಾರಿಸುತ್ತಾರೆ. ಹೆಚ್ಚು ದೂರ ಹೋಗುವ, ಹೆಚ್ಚು ಜೋರಾದ ಬಂದೂಕೇ ಉತ್ತಮವೆಂಬ ಭಾವನೆ ಸಾಮಾನ್ಯವಾಗಿ ಕಂಡುಬರುತ್ತದೆ. ತೆಂಗಿನ ಸೀಮೆಯ ಮಟ್ಟಿಗೆ ಇದು ತಪ್ಪು ತಿಳಿವಳಿಕೆ. ಇಲ್ಲಿ ತೋಟ, ಮನೆ, ಕೊಟ್ಟಿಗೆ ಮತ್ತು ದಾರಿ ಒಂದರ ಮಗ್ಗುಲಲ್ಲಿ ಒಂದಿವೆ. ಆದುದರಿಂದ ಗುಂಡು ಪ್ರಾಣಿಗೆ ತಾಗುವುದೇ ಎಂಬುದಕ್ಕಿಂತ, ತಾಗದೆ ಹೋದರೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಮೊದಲು ಲೆಕ್ಕಹಾಕಬೇಕು. ಬೋರಿನ ಆಯ್ಕೆ ನಿಂತಿರುವುದು ಈ ಲೆಕ್ಕದ ಮೇಲೆ.

ಬೋರು ಎಂದರೇನು?

ಬಂದೂಕಿನ ನಳಿಗೆಯ ಒಳ ಅಗಲಕ್ಕೆ ಬೋರು ಎನ್ನುತ್ತಾರೆ. ಇದನ್ನು ಅಳೆಯುವ ಕ್ರಮ ಎರಡು ಬಗೆ.

ಮೊದಲನೆಯದು ನುಣುಪು ನಳಿಗೆಯ ಬಂದೂಕುಗಳದು. ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಉಂಡೆಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅದೇ ಆ ಬಂದೂಕಿನ ಬೋರು. 12 ಉಂಡೆ ತೂಗಿದರೆ 12 ಬೋರು, 16 ತೂಗಿದರೆ 16 ಬೋರು. ಆದುದರಿಂದ ಅಂಕಿ ಹೆಚ್ಚಾದಂತೆ ನಳಿಗೆ ಕಿರಿದಾಗುತ್ತದೆ. 12 ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ.; 16 ಬೋರಿನದು ಸುಮಾರು 16.8 ಮಿ.ಮೀ.

ಎರಡನೆಯದು ರೈಫಲ್‌ಗಳದು. ಇವುಗಳ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಈ ಗೀರುಗಳಲ್ಲಿ ಸಿಕ್ಕಿ ಬುಗುರಿಯಂತೆ ತಿರುಗುತ್ತ ಹೊರಬರುವುದರಿಂದ ದೂರದವರೆಗೆ ನೇರವಾಗಿ ಸಾಗುತ್ತದೆ. ಇವುಗಳ ಬೋರನ್ನು ಅಂಗುಲದ ಭಾಗವಾಗಿ ಹೇಳುತ್ತಾರೆ. ಪಾಯಿಂಟ್ 22 ಎಂದರೆ 0.22 ಅಂಗುಲ, ಅಂದರೆ ಸುಮಾರು 5.6 ಮಿ.ಮೀ. ಪಾಯಿಂಟ್ 177 ಎಂದರೆ 4.5 ಮಿ.ಮೀ.; ಇದು ಗಾಳಿ ಬಂದೂಕಿನ ಸಾಮಾನ್ಯ ಅಳತೆ. ಪಾಯಿಂಟ್ 315 ಎಂದರೆ 8 ಮಿ.ಮೀ.; ಇದು ಪಶ್ಚಿಮ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯಲ್ಲಿ ನಾಗರಿಕರಿಗಾಗಿ ತಯಾರಾದ ಭಾರಿ ರೈಫಲ್. ಸೈನ್ಯದ ಬಳಕೆಯಲ್ಲಿದ್ದ ಪಾಯಿಂಟ್ 303 ಮೊದಲಾದ ಬೋರುಗಳು ನಿಷೇಧಿತ ವರ್ಗಕ್ಕೆ ಸೇರಿವೆ.

ಬೋರು ಒಂದೇ ಆದರೂ ಗುಂಡಿನ ಶಕ್ತಿ ಒಂದೇ ಎಂದು ತಿಳಿಯಬಾರದು. ತೋಟಾದೊಳಗಿನ ಮದ್ದು, ಗುಂಡಿನ ತೂಕ ಮತ್ತು ವೇಗ ಇವೆಲ್ಲ ಸೇರಿ ಶಕ್ತಿಯನ್ನು ನಿರ್ಧರಿಸುತ್ತವೆ. ಪಾಯಿಂಟ್ 22ರಲ್ಲಿಯೇ ಶಾರ್ಟ್, ಲಾಂಗ್ ರೈಫಲ್ ಮತ್ತು ಮ್ಯಾಗ್ನಂ ಎಂಬ ಬಗೆಗಳಿವೆ. ನಳಿಗೆಯ ಮೇಲೆ ಕೆತ್ತಿರುವ ಹೆಸರಿನ ತೋಟಾವನ್ನಲ್ಲದೆ ಬೇರೆಯದನ್ನು ಬಳಸಬಾರದು.

ಗುಂಡು ಎಷ್ಟು ದೂರ ಹೋಗುತ್ತದೆ?

ಇದನ್ನು ತೆಂಗಿನ ಮರದ ಅಳತೆಯಿಂದಲೇ ತಿಳಿಯಬಹುದು. ಎತ್ತರದ ತಳಿಯ ತೆಂಗಿಗೆ 9 ಮೀಟರ್, ಅಂದರೆ ಸುಮಾರು 30 ಅಡಿ ಅಂತರ ಕೊಡುವುದು ರೂಢಿ. ಗುರಿಯಿಟ್ಟು ಹೊಡೆಯಲು ಆಗುವ ದೂರ ಬೇರೆ, ಗುರಿ ತಪ್ಪಿದ ಗುಂಡು ಹೋಗಿ ಬೀಳುವ ದೂರ ಬೇರೆ. ಚರೆಯ ವಿಚಾರದಲ್ಲಿ ಈ ಎರಡನೆಯ ದೂರ ಚರೆಯ ಗಾತ್ರವನ್ನು ಅನುಸರಿಸುತ್ತದೆ. ನಳಿಗೆಯನ್ನು ಮೇಲೆತ್ತಿ ಹಾರಿಸಿದಾಗ ಗುಂಡುಗಳು ಗರಿಷ್ಠವಾಗಿ ಹೋಗಬಹುದಾದ ದೂರ ಸ್ಥೂಲವಾಗಿ ಹೀಗಿದೆ:

(1) 6ನೇ ನಂಬರ್ ಚರೆ (2.6 ಮಿ.ಮೀ.): ಸುಮಾರು 200 ಮೀಟರ್, ಅಂದರೆ 22 ಮರದ ಸಾಲು.
(2) 4ನೇ ನಂಬರ್ ಚರೆ (3.1 ಮಿ.ಮೀ.): ಸುಮಾರು 240 ಮೀಟರ್, 27 ಮರ.
(3) ಬಿ.ಬಿ. ಚರೆ (4.1 ಮಿ.ಮೀ.): ಸುಮಾರು 325 ಮೀಟರ್, 36 ಮರ.
(4) ಎಸ್.ಜಿ. ಚರೆ (8.4 ಮಿ.ಮೀ.): ಸುಮಾರು 660 ಮೀಟರ್, 73 ಮರ.
(5) ಎಲ್.ಜಿ. ಚರೆ (9.1 ಮಿ.ಮೀ.): ಸುಮಾರು 725 ಮೀಟರ್, 80 ಮರ.
(6) 12 ಬೋರಿನ ಒಂಟಿ ಗುಂಡು: ಒಂದು ಕಿಲೋಮೀಟರಿಗೂ ಮೀರಿ.
(7) ಪಾಯಿಂಟ್ 22 ರೈಫಲ್ ಗುಂಡು: ಒಂದೂವರೆ ಕಿಲೋಮೀಟರ್ ಅಥವಾ ಹೆಚ್ಚು, 165 ಮರಕ್ಕೂ ಆಚೆ.
(8) ಪಾಯಿಂಟ್ 315ರಂತಹ ಭಾರಿ ರೈಫಲ್ ಗುಂಡು: 3 ಕಿಲೋಮೀಟರಿನ ಆಸುಪಾಸು.

ಇದೇ 12 ಬೋರಿನಲ್ಲಿ 4ನೇ ನಂಬರ್ ಚರೆ ಪರಿಣಾಮಕಾರಿಯಾಗಿ ತಾಗುವ ದೂರ 35 ಮೀಟರ್, ಅಂದರೆ ನಾಲ್ಕು ಮರದಷ್ಟು ಮಾತ್ರ. ಅದಕ್ಕಿಂತ ದೂರದಲ್ಲಿ ಚರೆಗಳು ಚದುರಿ ಬಲಗುಂದುತ್ತವೆ. ಪಾಯಿಂಟ್ 22ರ ಗುಂಡು ನೋಡಲು ಕಡಲೆಬೀಜದಷ್ಟು ಚಿಕ್ಕದು, ಸದ್ದೂ ಕಡಿಮೆ. ಆ ಕಾರಣಕ್ಕೆ ಅದನ್ನು ಆಟದ ಸಾಮಾನೆಂದು ಭಾವಿಸುವವರುಂಟು. ಆದರೆ ಅದು ಒಂದು ಹಳ್ಳಿಯ ಹೊಲದಿಂದ ಮತ್ತೊಂದು ಹಳ್ಳಿಯ ಅಂಗಳಕ್ಕೆ ಹೋಗಿ ಬೀಳಬಲ್ಲದು, ಮನುಷ್ಯನ ಪ್ರಾಣವನ್ನೂ ತೆಗೆಯಬಲ್ಲದು. ಗಟ್ಟಿ ನೆಲ, ಕಲ್ಲುಕಂಬ, ಕೆರೆಯ ನೀರು ಇವುಗಳಿಗೆ ತಗುಲಿ ಚಿಮ್ಮಿದ ಗುಂಡಿನ ದಿಕ್ಕನ್ನು ಮೊದಲೇ ಹೇಳಲು ಯಾರಿಂದಲೂ ಆಗದು.

ತೆಂಗಿನ ತೋಟದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಮಹತ್ವವಿದೆ. ತ್ರೀ ಫೇಸ್ ವಿದ್ಯುತ್ ರಾತ್ರಿ ವೇಳೆಯಲ್ಲಿ ಬಂದರೆ ರೈತ ಟಾರ್ಚು ಹಿಡಿದು ಪಂಪು ಹಾಕಲು ತೋಟಕ್ಕೆ ಹೋಗುತ್ತಾನೆ. ಪಾತಿಯಿಂದ ಪಾತಿಗೆ ನೀರು ತಿರುಗಿಸುತ್ತ ಬಗ್ಗಿ ನಿಂತಿರುತ್ತಾನೆ. ಹಂದಿ ಬರುವುದೂ ಅದೇ ಹೊತ್ತಿನಲ್ಲಿ. ಕತ್ತಲಲ್ಲಿ ಸೋಗೆ ಸರಿದ ಸದ್ದಿಗೆ ಹಾರಿಸಿದ ಗುಂಡಿಗೆ ಹಂದಿ ಯಾವುದು, ಪಕ್ಕದ ತೋಟದವನು ಯಾರು ಎಂಬ ಭೇದ ತಿಳಿಯದು. ಕಣ್ಣಿಗೆ ಸ್ಪಷ್ಟವಾಗಿ ಕಾಣದ, ಹಿಂದೆ ಮಣ್ಣಿನ ದಿಬ್ಬವಿಲ್ಲದ ಗುರಿಗೆ ಹಾರಿಸಬಾರದು. ಈ ನಿಯಮಕ್ಕೆ ಯಾವ ಬೋರೂ ಹೊರತಲ್ಲ.

ಯಾವ ಕೆಲಸಕ್ಕೆ ಯಾವ ಬಂದೂಕು?

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಪ್ರಕರಣವೇ ಇದನ್ನು ಬಹುಮಟ್ಟಿಗೆ ವಿಂಗಡಿಸಿಕೊಟ್ಟಿದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಅದು ಹೆಸರಿಸುತ್ತದೆ. ಅದು ಸಾಲದೆಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕಿಗೆ ಪರವಾನಗಿ ಕೊಡಬಹುದು. ಪಾಯಿಂಟ್ 22 ರೈಫಲ್ ಮತ್ತು ಗಾಳಿ ರೈಫಲ್‌ಗಳನ್ನು ಮಾನ್ಯತೆ ಪಡೆದ ರೈಫಲ್ ಸಂಘದ ಸದಸ್ಯರ ಗುರಿ ಅಭ್ಯಾಸಕ್ಕೆಂದು ಹೇಳಿದೆ. ಬೆಳೆ ಕಾವಲಿಗೆ ಚರೆ, ಗುರಿ ಅಭ್ಯಾಸಕ್ಕೆ ರೈಫಲ್ ಎಂಬ ಈ ವಿಂಗಡಣೆ ಮೇಲೆ ಹೇಳಿದ ದೂರದ ಲೆಕ್ಕಕ್ಕೂ ಸರಿಹೊಂದುತ್ತದೆ.

ಕೇಪಿನ ಬಂದೂಕು: ಮದ್ದನ್ನೂ ಚರೆಯನ್ನೂ ಬಾಯಿಯಿಂದ ತುಂಬಿ ಕೇಪು ಇಟ್ಟು ಹಾರಿಸುವ ಬಂದೂಕು ಇದು. ಒಂದು ಸಲ ಹಾರಿಸಿದ ಮೇಲೆ ಮತ್ತೆ ತುಂಬಲು ಸಮಯ ಬೇಕು. ಚರೆಯಿಲ್ಲದೆ ಸದ್ದು ಮಾಡಿ ಪ್ರಾಣಿಗಳನ್ನು ಓಡಿಸುವುದು ಇದರ ಮುಖ್ಯ ಉಪಯೋಗ. ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಸದ್ದು ಮಾಡಿದರೆ ಪ್ರಾಣಿಗಳು ಅದಕ್ಕೆ ಒಗ್ಗಿಹೋಗುತ್ತವೆ. ಜಾಗ ಮತ್ತು ಹೊತ್ತನ್ನು ಬದಲಿಸುತ್ತಿರಬೇಕು. ಮದ್ದು ತುಂಬಿದ ಬಂದೂಕನ್ನು ಮನೆಯೊಳಗೆ ತರಬಾರದು. ಮದ್ದನ್ನು ಒಲೆಯ ಹತ್ತಿರ ಅಥವಾ ಕೊಬ್ಬರಿ ಇಡುವ ಅಟ್ಟದ ಮೇಲೆ ಇಡಬಾರದು.

12 ಬೋರಿನ ತೋಟಾ ಬಂದೂಕು: ಒಂಟಿ ನಳಿಗೆ ಮತ್ತು ಜೋಡಿ ನಳಿಗೆ ಎಂಬ ಎರಡು ಬಗೆಗಳಿವೆ. ತೋಟಾ ಬದಲಿಸುವುದರಿಂದ ಒಂದೇ ಬಂದೂಕು ಹಲವು ಕೆಲಸಕ್ಕೆ ಒದಗುತ್ತದೆ. 4ನೇ ನಂಬರಿನ ಒಂದು ತೋಟಾದಲ್ಲಿ ಸುಮಾರು 190 ಚರೆಗಳಿದ್ದರೆ ಎಲ್.ಜಿ. ತೋಟಾದಲ್ಲಿ ಆರೇಳು ಮಾತ್ರ. ಸಣ್ಣ ಚರೆ ಹಂದಿಯ ದಪ್ಪ ಚರ್ಮ ಮತ್ತು ಕೊಬ್ಬನ್ನು ದಾಟಿ ಹೋಗದು. ಅದು ಪ್ರಾಣಿಯನ್ನು ಗಾಯಗೊಳಿಸಿ ಓಡಿಸುತ್ತದೆ, ಅಷ್ಟೆ. ಗಾಯಗೊಂಡ ಹಂದಿ ಮರುದಿನ ಹುಲ್ಲು ಕೊಯ್ಯಲು ಹೋದವರ ಮೇಲೆ ಎರಗುವ ಅಪಾಯವುಂಟು. ಅರಣ್ಯಾಧಿಕಾರಿಗಳ ಲಿಖಿತ ಅನುಮತಿಯಂತೆ ಹಂದಿಯನ್ನು ಹೊಡೆಯಲೇಬೇಕಾದಾಗ ಎಲ್.ಜಿ., ಎಸ್.ಜಿ. ಅಥವಾ ಒಂಟಿ ಗುಂಡನ್ನು 30 ಮೀಟರಿನ ಒಳಗೆ, ನೆಲದ ಕಡೆಗೆ ಇಳಿಮುಖವಾಗಿ ಹಾರಿಸುವುದು ಸರಿಯಾದ ಕ್ರಮ.

ಪಾಯಿಂಟ್ 22 ರೈಫಲ್: ಇದರ ಗುಂಡಿನ ಶಕ್ತಿ ಹಂದಿಗೆ ಸಾಲದು, ಅದು ಹೋಗುವ ದೂರವೋ ತೋಟಕ್ಕೆ ಹೆಚ್ಚಾಯಿತು. ಈ ಎರಡು ಕಾರಣಗಳಿಂದ ಬೆಳೆ ಕಾವಲಿಗೆ ಇದು ಹೊಂದುವುದಿಲ್ಲ. ಮಣ್ಣಿನ ದಿಬ್ಬ ಕಟ್ಟಿದ ಅಭ್ಯಾಸದ ಮೈದಾನದಲ್ಲಿ ಇದಕ್ಕೆ ಸಮನಾದುದಿಲ್ಲ. ತೋಟಾ ಅಗ್ಗ, ಹಿಮ್ಮೊದೆತ ಬಹಳ ಕಡಿಮೆ, ಗುರಿ ನಿಖರ.

ಪಾಯಿಂಟ್ 315 ಮತ್ತು ಪಾಯಿಂಟ್ 30-06 ರೈಫಲ್: ಇವು ದೊಡ್ಡ ಪ್ರಾಣಿಗಳ ಬೇಟೆಗೆ ಬಳಕೆಯಾದ ರೈಫಲ್‌ಗಳು. ಪಾಯಿಂಟ್ 30-06ರ ಗುಂಡಿನ ಶಕ್ತಿ ಪಾಯಿಂಟ್ 22ರದಕ್ಕಿಂತ ಸುಮಾರು 20 ಪಟ್ಟು ಹೆಚ್ಚು. ಸಮತಟ್ಟಾದ, ಜನವಸತಿ ಒತ್ತಾಗಿರುವ ತೆಂಗಿನ ಸೀಮೆಯಲ್ಲಿ ಬೆಳೆ ಕಾಯಲು ಇವುಗಳ ಅಗತ್ಯವಿಲ್ಲ.

ಗಾಳಿ ಬಂದೂಕು: ಬೋರು ಪಾಯಿಂಟ್ 177ಕ್ಕೆ ಮೀರದ ಮತ್ತು ಶಕ್ತಿ 20 ಜೂಲಿಗೆ ಮೀರದ ಗಾಳಿ ಬಂದೂಕಿಗೆ ಪರವಾನಗಿ ಬೇಕಿಲ್ಲ. ಹಾಗೆಂದು ಅದರಿಂದ ನವಿಲಿಗಾಗಲಿ ಕೋತಿಗಾಗಲಿ ಹೊಡೆಯಲು ಅವಕಾಶವಿಲ್ಲ. ಕಣ್ಣಿಗೆ ತಾಗಿದರೆ ದೃಷ್ಟಿ ಹೋಗುವುದರಿಂದ ಮಕ್ಕಳ ಕೈಗೆ ಕೊಡಬಾರದು.

ಗುರಿ ಅಭ್ಯಾಸದಲ್ಲಿ ಆಸಕ್ತಿಯುಳ್ಳ ಯುವಕರು

ಬಂದೂಕಿನಲ್ಲಿ ಆಸಕ್ತಿಯುಳ್ಳ ರೈತ ಮಕ್ಕಳಿಗೆ ಗುರಿ ಅಭ್ಯಾಸ ಒಳ್ಳೆಯ ದಾರಿ. ಇಲ್ಲಿ ಸಣ್ಣ ಬೋರುಗಳದೇ ಮೇಲುಗೈ. ಗಾಳಿ ರೈಫಲ್ ಸ್ಪರ್ಧೆಯನ್ನು 10 ಮೀಟರಿನಿಂದ ನಡೆಸುತ್ತಾರೆ. ಗುರಿ ಹಲಗೆಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ. ಮಾತ್ರ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ 4.5 ಮಿ.ಮೀ. ಬೋರಿನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರಿನ ಪಾಯಿಂಟ್ 22 ರೈಫಲ್‌ನಲ್ಲಿ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಪಾಯಿಂಟ್ 22 ಮತ್ತು 12 ಬೋರು ಅಲ್ಲಿ ಬೇರೆ ಬೇರೆ ವಿಭಾಗಗಳು. ಒಂದರ ಗುರಿಯನ್ನು ಮತ್ತೊಂದರೊಡನೆ ಹೋಲಿಸಲಾಗದು ಎಂಬುದಕ್ಕೆ ಇದೂ ಒಂದು ನಿದರ್ಶನ.

ಕೊಡಗಿನವರಿಗೆ ಪರವಾನಗಿ ಬೇಡ, ನಮಗೇಕೆ ಬೇಕು ಎಂದು ಕೆಲವರು ಕೇಳುವುದುಂಟು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ವಿಶೇಷ ವಿನಾಯಿತಿ ನೀಡಿದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಅದು ಬಂದೂಕು ಇಟ್ಟುಕೊಳ್ಳಲು ಇರುವ ವಿನಾಯಿತಿಯೇ ಹೊರತು ಬೇಟೆಗೆ ಅನುಮತಿಯಲ್ಲ. ಬೇರೆ ಜಿಲ್ಲೆಯವರಿಗೆ ಅದು ಅನ್ವಯಿಸುವುದೂ ಇಲ್ಲ.

ಮನೆಯ ಹಳೆಯ ಬಂದೂಕು

ಹಳೆಯ ತೋಟಾ ಬಂದೂಕನ್ನು ಬಳಸುವ ಮೊದಲು ಪರವಾನಗಿಯುಳ್ಳ ಬಂದೂಕು ತಜ್ಞರಿಂದ ಪರೀಕ್ಷೆ ಮಾಡಿಸುವುದು ಅಗತ್ಯ. ಮುಖ್ಯವಾಗಿ ಗಮನಿಸಬೇಕಾದ ಅಂಶಗಳು:

(ಅ) ನಳಿಗೆಯ ಮೇಲೆ ಹೆಣಿಗೆಯಂತಹ ಚಿತ್ತಾರವಿದ್ದರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ಕಾಲದ ನಳಿಗೆ. ಅದನ್ನು ಕಪ್ಪು ಮದ್ದಿಗಾಗಿ ಮಾಡಿದ್ದು. ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಸೀಳಿಹೋಗುವ ಅಪಾಯವಿದೆ.
(ಆ) ಕೆಲವು ಹಳೆಯ ಬಂದೂಕುಗಳ ತೋಟಾ ಕೂರುವ ಗೂಡು 65 ಮಿ.ಮೀ. ಉದ್ದದ್ದು. ಅದಕ್ಕೆ 70 ಮಿ.ಮೀ. ತೋಟಾ ಹಾಕಬಾರದು. ತೋಟಾ ಒಳಗೆ ಕುಳಿತರೂ ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.
(ಇ) ಜೋಡಿ ನಳಿಗೆಯಲ್ಲಿ ಸಾಮಾನ್ಯವಾಗಿ ಎಡ ನಳಿಗೆಯ ಬಾಯಿ ಹೆಚ್ಚು ಬಿಗಿಯಾಗಿರುತ್ತದೆ. ಅದಕ್ಕೆ ಹೊಂದದ ಒಂಟಿ ಗುಂಡನ್ನು ಹಾರಿಸಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಕಾನೂನಿನ ವಿಚಾರ

ಬಂದೂಕಿನ ಪರವಾನಗಿ ಮತ್ತು ಪ್ರಾಣಿಯನ್ನು ಹೊಡೆಯುವ ಅನುಮತಿ ಎರಡೂ ಬೇರೆ ಬೇರೆ. ಮೊದಲನೆಯದನ್ನು ಜಿಲ್ಲಾಧಿಕಾರಿಗಳಿಂದ ಪಡೆಯಬೇಕು. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿ ಅದರಲ್ಲಿ ನಮೂದಿಸಿದ ಪ್ರದೇಶಕ್ಕೆ ಮಾತ್ರ ಸಲ್ಲುತ್ತದೆ. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷ. ಪರವಾನಗಿಯಿಲ್ಲದ ನಾಡ ಬಂದೂಕನ್ನು ಇಟ್ಟುಕೊಂಡರೆ ಸಜೆ ಮತ್ತು ದಂಡ ಎರಡೂ ಉಂಟು.

ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅದು ಬೆಳೆಗೆ ಅಪಾಯಕಾರಿಯಾಗಿದೆಯೆಂದು ಮನವರಿಕೆಯಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಸಹಿತ ಲಿಖಿತ ಆದೇಶದ ಮೂಲಕ ಅನುಮತಿ ಕೊಡಬಹುದು. ನೆರೆಯ ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಈ ಬಗೆಯ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಕಾಸರಗೋಡಿನ ನೆಂಟರಿಷ್ಟರಿಂದ ಇದನ್ನು ಕೇಳಿದವರು ಕರ್ನಾಟಕದಲ್ಲಿಯೂ ಹಾಗೆಯೇ ಎಂದು ತಿಳಿಯಬಾರದು. ಅನುಮತಿಯಿಂದ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಹಂಚಿಕೊಳ್ಳುವಂತಿಲ್ಲ. ನವಿಲು, ಚಿರತೆ ಮತ್ತು ಕರಡಿ ಮೊದಲನೆಯ ಅನುಸೂಚಿಗೆ ಸೇರಿದ್ದು ಅವುಗಳನ್ನು ಕೊಂದವರಿಗೆ ಶಿಕ್ಷೆ ಇನ್ನೂ ಕಠಿಣ. ಕೋತಿಯೂ ಸಂರಕ್ಷಿತ ಪ್ರಾಣಿಯೇ.

ಚಿಕ್ಕನಾಯಕನಹಳ್ಳಿ ಕಡೆಯ ರೈತರು ಇನ್ನೊಂದು ಅಂಶವನ್ನು ತಿಳಿದಿರಬೇಕು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಅರಣ್ಯವನ್ನು 2019ರಲ್ಲಿ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ವನ್ಯಜೀವಿ ಧಾಮದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕುದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಈ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಅರ್ಜಿ ಹಾಕುವ ಮೊದಲು ತಮ್ಮ ಹಳ್ಳಿ ಈ ವ್ಯಾಪ್ತಿಗೆ ಬರುವುದೇ ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಬಂದೂಕಿಲ್ಲದೆ ಆಗುವ ಕೆಲಸ

ತೆಂಗಿನ ತೋಟದ ಅನೇಕ ಬಾಧೆಗಳಿಗೆ ಬಂದೂಕು ಪರಿಹಾರವೇ ಅಲ್ಲ. ತೆಂಗಿಗೆ ಬೆಳೆಯುವ ತುದಿ ಒಂದೇ. ಮರದ ತಲೆಗೆ ಹಾರಿಸಿದ ಚರೆ ಸುಳಿಗೆ ತಾಗಿದರೆ ಇಲಿ ಹೋದರೂ ಮರ ಉಳಿಯದೆ ಹೋಗಬಹುದು. ಗಾಯವಾದ ಜಾಗಕ್ಕೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ.

ಇಲಿಗಳಿಗೆ: ನೆಲದಿಂದ 2 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತ 40 ಸೆಂ.ಮೀ. ಅಗಲದ ತಗಡಿನ ಪಟ್ಟಿ ಕಟ್ಟಬೇಕು. ಮರಗಳ ಗರಿಗಳು ಒಂದಕ್ಕೊಂದು ತಾಗಿರುವ ತೋಟದಲ್ಲಿ ಇಲಿ ಗರಿಯಿಂದ ಗರಿಗೆ ದಾಟುವುದರಿಂದ ಪಟ್ಟಿಯೊಂದೇ ಸಾಲದು. ಅಲ್ಲಿ ಐದು ಮರಕ್ಕೆ ಒಂದರಂತೆ ಶೇ. 0.005ರ ಬ್ರೋಮಾಡಿಯೋಲೋನ್ ಬಿಲ್ಲೆಯನ್ನು 10 ಗ್ರಾಂ ಪ್ರಮಾಣದಲ್ಲಿ ಮರದ ತಲೆಯಲ್ಲಿ ಇಟ್ಟು, 12 ದಿನಗಳ ನಂತರ ಮತ್ತೊಮ್ಮೆ ಇಡಬೇಕು.

ಹಂದಿಗಳಿಗೆ: ಎಳೆಯ ಸಸಿಗಳ ಸುತ್ತ ತಂತಿ ಬಲೆ ಅಥವಾ ಮುಳ್ಳಿನ ಬೇಲಿ ಹಾಕಬೇಕು. ಹೆಚ್ಚು ಬಾಧೆಯಿದ್ದಲ್ಲಿ ಅಕ್ಕಪಕ್ಕದ ಹಿಡುವಳಿದಾರರು ಸೇರಿ ಸೌರಶಕ್ತಿ ಬೇಲಿ ಮಾಡಿಕೊಳ್ಳಬಹುದು. ಇದರಲ್ಲಿ ವಿದ್ಯುತ್ ಕ್ಷಣಮಾತ್ರದ ಮಿಡಿತವಾಗಿ ಹರಿಯುವುದರಿಂದ ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಪಂಪಿನ ಲೈನಿನಿಂದ ನೇರವಾಗಿ ಬೇಲಿಗೆ ವಿದ್ಯುತ್ ಕೊಡುವುದು ಅಪರಾಧ. ಅದರಿಂದ ಮನೆಯವರೇ ಸತ್ತ ಪ್ರಕರಣಗಳುಂಟು. ಬೆಳೆ ಹಾನಿಯಾದಾಗ ಹೆಜ್ಜೆ ಗುರುತು ಅಳಿಯುವ ಮೊದಲು ಛಾಯಾಚಿತ್ರ ತೆಗೆದು ಪಹಣಿಯೊಡನೆ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಬೇಕು.

ಒಟ್ಟಿನಲ್ಲಿ, ತೆಂಗಿನ ಸೀಮೆಯ ರೈತರಿಗೆ ಮೊದಲು ಬೇಕಾದುದು ಬೇಲಿ. ಅದು ಸಾಲದ ಕಡೆ ಪರವಾನಗಿಯುಳ್ಳ ಕೇಪಿನ ಬಂದೂಕು ಅಥವಾ 12 ಬೋರು ಸಾಕು. ಗುರಿ ಅಭ್ಯಾಸಕ್ಕೆ ಪಾಯಿಂಟ್ 177 ಮತ್ತು ಪಾಯಿಂಟ್ 22 ಇವೆ. ಅವುಗಳ ಜಾಗ ದಿಬ್ಬ ಕಟ್ಟಿದ ಮೈದಾನ. ಬಂದೂಕು ಕೈಗೆತ್ತಿಕೊಂಡವರು ಎದುರಿಗಿರುವುದು ಏನು, ಎಷ್ಟು ಮರದ ದೂರದಲ್ಲಿದೆ, ಅದರ ಹಿಂದೆ ಏನಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಕುದುರೆಯ ಮೇಲೆ ಬೆರಳಿಡಬಾರದು. ಒಂದು ಮಡಿ ರಾಗಿ ಹೋದರೆ ಮುಂದಿನ ಮಳೆಗೆ ಮತ್ತೆ ಬೆಳೆಯಬಹುದು; ನೀರು ತಿರುಗಿಸಲು ಬಂದ ನೆರೆಯವನ ಜೀವ ಹೋದರೆ ತರುವ ಉಪಾಯವಿಲ್ಲ.